ಹೊತ್ತು ಇನ್ನೂ ಮುಳುಗಿರಲಿಲ್ಲ

೧೩ ಫೆಬ್ರುವರಿ ೧೯೯೯, ಶನಿವಾರ. ಕಾಗವಾಡ

ಅವ್ವನಿಗೆ ಇನ್ನೂ ಎಚ್ಚರ ಬಂದಿಲ್ಲ. ತಿಳಿಸಿದವನು ತಮ್ಮ ಧನಪಾಲ, ಮುಂಬೈಯ ಆಸ್ಪತ್ರೆಯೊಂದರಿಂದ, ಬೆಳಿಗ್ಗೆ ಫೋನಿನಲ್ಲಿ. ನಿನ್ನೆ ಕಲಕತ್ತಾದಿಂದ ಬರುವಾಗ ವಿಮಾನದೊಳಗೇ ಬಿದ್ದಳಂತೆ. ತಲೆಯ ಹಿಂಭಾಗಕ್ಕೆ ಸೀಟಿನ ಕೈ ಬಡಿದಿದೆ. ವಿಮಾನದ ಕ್ಯಾಪ್ಟನ್ ಅವನೇ.

ಹೋಗುವಾಗ ನಮ್ಮ ಜೈನರ ತೀರ್ಥ ಶಿಖರ್ಜಿಯ ಯಾತ್ರೆಗೆ ಊರಿನವರ ಜೊತೆ ರೈಲು. ಬರುವಾಗ ಮಗ ನಡೆಸುವ ವಿಮಾನದಲ್ಲೇ ಬರಬೇಕೆಂದು ಹಟ. ಅಲ್ಲಿಂದಲೇ ಫೋನ್ ಮಾಡಿ ಅವನನ್ನು ಕೇಳಿದ್ದಳು — "ನಿಮ್ಮ ಇಮಾನದಾಗ ನೀರ ಸೋಸಿರ್ತಾರೇನೋ?"

"ನನಗೇನ ಗೊತ್ತವ್ವಾ. ನಿನ್ನ ತಂಬಿಗಿ ನೀನ ತಗೊಂಡ ಬಾ."

ಇದನ್ನು ಧನಪಾಲ ನನ್ನ ಹೆಂಡತಿ ರಾಜಮತಿಗೆ ಹೇಳಿ ನಕ್ಕಿದ್ದ. ಅವಳು ಈಗ ಅದನ್ನೇ ನೆನೆಸಿಕೊಂಡು ಅಳುತ್ತಿದ್ದಾಳೆ.

ದ್ರಾಕ್ಷಿ ಕೊಯ್ಲು ಅರ್ಧವಾಗಿದೆ. ತೋಟ ಭೀಮಗೊಂಡ ಕಾಕಾನಿಗೆ ಒಪ್ಪಿಸಿದೆ. ಸಂಜೆ ಮಿರಜಿನಿಂದ ರೈಲು.

೧೫ ಫೆಬ್ರುವರಿ. ಮುಂಬೈ

ಹಾಗೇ ಇದ್ದಾಳೆ. ಡಾಕ್ಟರು ಏನೂ ಹೇಳುತ್ತಿಲ್ಲ.

ಧನಪಾಲ ಹೇಳಿದ್ದು: ವಿಮಾನಗಳು ಎದುರುಬದುರು ಬಂದರೆ ಕೂಗುವ ಯಂತ್ರ. ಹೊಸದು. ಅದು ಏರು ಎಂದರೆ ಏರಬೇಕು. ಕೆಳಗಿನ ಕಂಟ್ರೋಲಿನವರು ಬೇರೆ ಏನೇ ಹೇಳಿದರೂ ಕೇಳುವಂತಿಲ್ಲ. ಶುಕ್ರವಾರ ಕಂಟ್ರೋಲಿನವರು ಇಳಿಯಿರಿ ಎಂದರು. ಯಂತ್ರ "ಕ್ಲೈಂಬ್, ಕ್ಲೈಂಬ್" ಎಂದಿತು. ವಿಮಾನ ಏರಿಸುವ ಹಿಡಿಕೆ ಎಳೆದ. ಸಾಲದು, ಇನ್ನೂ ಏರು ಎಂದಿತು. ಜೋರಾಗಿ ಎಳೆದ. ಇನ್ನೊಂದು ವಿಮಾನ ಕೆಳಗಿನಿಂದ ಹಾದುಹೋಯಿತು.

"ಯಾರರ ನಿಂತಾರೇನಂತ ನೋಡಾಕ ಬರೂದಿಲ್ಲಣ್ಣ ಅವಾಗ."

ಬೆಲ್ಟ್ ಕಟ್ಟಿಕೊಳ್ಳುವ ದೀಪ ಆರಿತ್ತು. ಅವ್ವ ಯಾಕೆ ಎದ್ದಳೋ ಅವನಿಗೆ ಗೊತ್ತಿಲ್ಲ.

೧೬ ಫೆಬ್ರುವರಿ

ಅವ್ವ ಹೋದಳು. ಬೆಳಗಿನ ಜಾವ.

೨೮ ಫೆಬ್ರುವರಿ. ಕಾಗವಾಡ

ಎಷ್ಟೋ ದಿನ ಬರೆಯಲಿಲ್ಲ. ಕೊಯ್ಲು ಮುಗಿಯಿತು. ಧನಪಾಲ ಮನೆಯಲ್ಲೇ ಇದ್ದಾನೆ. ವಿಚಾರಣೆ ಮುಗಿಯುವವರೆಗೆ ಹಾರುವಂತಿಲ್ಲ.

ಭೀಮಗೊಂಡ ಕಾಕಾ ಬಂದಿದ್ದರು. ಧನಪಾಲನಿಗೆ ರುಮಾಲು ಸುತ್ತಿ ಊರವರಿಂದ ಸತ್ಕಾರವಂತೆ.

"ಇಡೀ ಇಮಾನದ ಮಂದೀನ ಉಳಿಸ್ಯಾನ ನಿನ್ನ ತಮ್ಮ. ಒಂದ ಫೇಟಾ ಸುತ್ತಿದರ ಊರ ಗಂಟೇನ ಹೋಗತೈತಿ, ಬಾಪುಸಾಹೇಬ?"

ನಾನು ಬಾಯಿ ತೆರೆಯುವ ಮುನ್ನ ಅಡುಗೆಮನೆಯಿಂದ ರಾಜಮತಿ — "ಫೇಟಾ ಸುತ್ತಾಕ ತಲಿ ಎತ್ತಬೇಕಲ್ರಿ ಕಾಕಾ. ಮೈದುನ ತಲೀನ ಎತ್ತವಲ್ಲ."

ಕಾಕಾ ಚಹಾ ಅರ್ಧಕ್ಕೆ ಬಿಟ್ಟು ಎದ್ದರು.

ಪತ್ರಿಕೆಯವರೂ ಸುದ್ದಿ ಕೇಳಿದ್ದಾರೆ. ಇಷ್ಟು ವರ್ಷ ಈ ಭಾಗದ ಸುದ್ದಿ ಕಳಿಸುತ್ತಿರುವವನು ನಾನೇ. ಶೀರ್ಷಿಕೆ ಅವರೇ ಇಟ್ಟಿದ್ದಾರೆ — ಆಕಾಶದಲ್ಲಿ ಡಿಕ್ಕಿ ತಪ್ಪಿಸಿದ ಕಾಗವಾಡದ ಪೈಲಟ್. ಬರೆಯಲು ಕೂತೆ. ಮೊದಲ ಪ್ಯಾರಾ ಸಲೀಸಾಗಿ ಬಂತು. ಎರಡನೆಯದರಲ್ಲಿ ಅವ್ವನ ಹೆಸರು ಬರಬೇಕು. "ಸೋನಾಬಾಯಿ ಎಂಬ ವೃದ್ಧೆ" ಎಂದು ಬರೆದೆ. ಹರಿದೆ.

೭ ಮಾರ್ಚ್, ಭಾನುವಾರ

ಸಾಂಗಲಿಯಿಂದ ಜ್ಞಾನದೇವ ಎಂಬ ಅಡತಿ ವ್ಯಾಪಾರಿ ಬಂದಿದ್ದರು. ವಿಮಾನದಲ್ಲಿ ಅವ್ವನ ಪಕ್ಕದ ಸೀಟಿನವರು. ಅವ್ವನ ಹಿತ್ತಾಳೆ ತಂಬಿಗೆ ತಂದುಕೊಟ್ಟರು. ಬಾಯಿಗೆ ಕಟ್ಟಿದ ಅರಿವೆ ಹಾಗೇ ಇದೆ. ಧನಪಾಲ ತೋಟಕ್ಕೆ ಹೋಗಿದ್ದ.

"ಖಿಡಕಿ ಬಾಜೂಕ ನಾ ಕುಂತಿದ್ದೆರಿ. ಬಿಸಲ ಕಣ್ಣಾಗ ಹೊಡೀತಿತ್ತು, ಪರದೆ ಎಳದಬಿಟ್ಟೆ. ಆಯಿ ವ್ಯಾಳೆ ಎಷ್ಟಾತಪಾ ಅಂದ್ರು. ಸಾಡೇಪಾಚ್, ಐದೂವರಿ ಅಂದೆ. 'ಅಯ್ಯ, ಹೊತ್ತ ಮುಣಗತೈತಿ, ನೀರ ಕುಡದಿಲ್ಲ' ಅಂದ ಎದ್ದಬಿಟ್ರು. ಮ್ಯಾಲಿನ ಚೀಲ ನಾ ತಗದ ಕೊಡತೇನಿ, ಕುಂದರ್ರಿ ಅಂದೆ. 'ಸೋಸಿದ ನೀರೈತಿ, ಚೆಲ್ಲಿಗಿಲ್ಲಿ' ಅಂದ್ರು. ಕೈ ಮ್ಯಾಲ ಮಾಡಿದ್ರು, ಅಷ್ಟರಾಗ..."

ಮುಂದೆ ಮರಾಠಿಯಲ್ಲಿ ಏನೋ ಅಂದರು.

ಶಿಖರ್ಜಿ ಪೂರ್ವಕ್ಕಿದೆ. ಅಲ್ಲಿ ನಮಗಿಂತ ಮುಕ್ಕಾಲು ಗಂಟೆ ಮೊದಲೇ, ಐದೂವರೆಯ ಸುಮಾರಿಗೆ, ಹೊತ್ತು ಮುಳುಗುತ್ತದೆ. ಇದ್ದಷ್ಟು ದಿನ ಅಲ್ಲಿಯ ಹೊತ್ತಿಗೆ ಉಂಡು, ಅಲ್ಲಿಯ ಹೊತ್ತಿಗೆ ನೀರು ಬಿಟ್ಟವಳು. ಹೊತ್ತು ಮುಳುಗಿದ ಮೇಲೆ ಒಂದು ಹನಿ ಮುಟ್ಟಿದವಳಲ್ಲ. ವಿಮಾನ ಪಶ್ಚಿಮಕ್ಕೆ ಹಾರುತ್ತಿತ್ತು. ಪರದೆಯಾಚೆ ಬಿಸಿಲಿತ್ತು. ಅವಸರವೇ ಇರಲಿಲ್ಲ.

ಧನಪಾಲನಿಗೆ ಹೇಳಿಲ್ಲ. ತಂಬಿಗೆ ಬೀರುವಿನಲ್ಲಿಟ್ಟೆ.

೨೩ ಮಾರ್ಚ್

ವಿಚಾರಣೆ ಮುಗಿದಿದೆ. ಪೈಲಟ್ ಮಾಡಿದ್ದು ಸರಿ ಎಂದು ವರದಿ. ಹಾರುವ ಮೊದಲು ಒಂದು ಪರೀಕ್ಷೆ — ಹೈದರಾಬಾದಿನಲ್ಲಿ, ನೆಲದ ಮೇಲಿನ ನಕಲಿ ವಿಮಾನದಲ್ಲಿ. ಅದಾದದ್ದು ನಿನ್ನೆ. ಧನಪಾಲ ಫೋನ್ ಮಾಡಿದ್ದ.

"ಯಂತ್ರ ಕ್ಲೈಂಬ್ ಅಂತು. ಹಿಂದ ಯಾರೂ ಇಲ್ಲಂತ ಗೊತ್ತೈತಣ್ಣ. ಆದರೂ ಹೊಳ್ಳಿ ನೋಡಿದೆ. ಕೈ ಏಳಲಿಲ್ಲ."

ಫೇಲು. ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಅದರಲ್ಲೂ ಆಗದಿದ್ದರೆ ಆಫೀಸಿನ ಕೆಲಸ.

೧೧ ಏಪ್ರಿಲ್

ಧನಪಾಲ ಮತ್ತೆ ಊರಿಗೆ ಬಂದಿದ್ದಾನೆ. ಇವತ್ತು ಅವನಿಗೆ ಹೇಳಿದೆ. ದ್ರಾಕ್ಷಿ ಚಪ್ಪರದ ಕೆಳಗೆ, ಇಬ್ಬರೇ ಇದ್ದಾಗ. ತಂಬಿಗೆ, ಪರದೆ, ಸಾಡೇಪಾಚ್, ಎಲ್ಲ.

"ಬಿಸಲ ನನ್ನ ಕಣ್ಣಾಗೂ ಇತ್ತಣ್ಣ. ಎದರ ಸೂರ್ಯಾ. ಅದಕ್ಕ ಆ ವಿಮಾನ ನನಗ ಕಾಣಲಿಲ್ಲ. ಯಂತ್ರ ಅಂದದ್ದನ್ನ ನಂಬಿದೆ... ಅಷ್ಟ ಬಿಸಲ ಇತ್ತು. ಅವ್ವಗ ಯಾರೂ ಹೇಳಲಿಲ್ಲ."

ಆಮೇಲೆ ಕೇಳಿದ — "ನಾ ಎಳೀಬಾರದಿತ್ತೇನು?"

"ಎಳೀಬೇಕಿತ್ತು. ವರದಿನೂ ಅದನ್ನ ಹೇಳತೈತಿ."

"ಪೇಪರದವನಾಗಿ ಹೇಳಬ್ಯಾಡ. ಅವ್ವನ ಮಗನಾಗಿ ಹೇಳ."

ಅವನು ಕಾಯ್ದ. ಆಮೇಲೆ ಎದ್ದು ಹೋದ.

೧೮ ಏಪ್ರಿಲ್, ಭಾನುವಾರ

ನಿನ್ನೆ ಧನಪಾಲ ಹೊರಟ. ಬೀರು ತೆರೆದು ತಂಬಿಗೆ ತಾನೇ ತೆಗೆದುಕೊಂಡ. ರಾಜಮತಿ ನೀರು ಸೋಸಿ ತುಂಬಿದಳು.

"ಅಲ್ಲೇನ ನೀರಿಲ್ಲೇನೋ?" ಎಂದಳು, ನಗಿಸಲು.

"ಐತಿ ವೈನಿ. ಸೋಸಿರೂದಿಲ್ಲ."

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಅವನು ಕೇಳಿದ್ದಕ್ಕೆ ಉತ್ತರ ಅಲ್ಲಿ ಕೊಟ್ಟೆ. ಅವ್ವ ಇದ್ದಿದ್ದರೂ ಎಳಿ ಅಂತಿದ್ದಳು, ಮಿಕ್ಕವರೂ ಯಾರದೋ ಅವ್ವಂದಿರು ಅಂತಿದ್ದಳು ಎಂದೆ. ಬಸ್ಸಿನ ಸದ್ದು ಜೋರಿತ್ತು. ಕೇಳಿಸಿತೋ ಇಲ್ಲವೋ. ತಂಬಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ, ಎರಡೂ ಕೈ ಅದರ ಮೇಲೆ —

ನಾಳೆ ಸೋಮವಾರ, ಬೆಳಿಗ್ಗೆ ಹತ್ತಕ್ಕೆ, ಹೈದರಾಬಾದಿನಲ್ಲಿ ಎರಡನೆಯ ಪರೀಕ್ಷೆ.