ಬಲಗಡೆಯಿಂದ ತೆರೆದ ಪುಸ್ತಕ

೧೯-೬-೧೯೮೩, ಭಾನುವಾರ

ಇಂದು ರಂಜಾನ್ ಉಪವಾಸದ ಆರನೇ ರೋಜಾ. ನಸುಕಿನ ಸಹರಿ ಊಟ ಮುಗಿಸಿ, ನಮಾಜು ಮಾಡಿ, ಕುರಾನ್ ಓದಿ, ನೀರು ತುಂಬಿಟ್ಟು ಮತ್ತೆ ಆ ಪ್ಲಾಸ್ಟಿಕ್ ಇಟ್ಟಿಗೆಗಳ ಮುಂದೆ ಕುಳಿತೆ. ಮಗಳು ತಾಹೆರಾ ಕುವೈತಿನಿಂದ ತನ್ನ ಮಗಳು ಕುಬ್ರಾಗೆ ಕಳಿಸಿದ್ದು. ಜೋಡಿಸಿದರೆ ಮನೆಯಾಗುತ್ತದೆ. ಕುಬ್ರಾ ಮಾತ್ರ ತನ್ನನ್ನು ಇಲ್ಲಿ ಬಿಟ್ಟುಹೋದ ತಾಯಿಯ ಮೇಲಿನ ಸಿಟ್ಟಿಗೆ ತಿಂಗಳಿಂದ ಡಬ್ಬಿ ಮುಟ್ಟಿಲ್ಲ, ಕಾಗದವನ್ನೂ ಬರೆದಿಲ್ಲ.

ನಾಲ್ಕು ದಿನದಿಂದ ನಾನೊಬ್ಬಳೇ ಹೆಣಗುತ್ತಿದ್ದೆ. ಜೋಡಿಸುವುದನ್ನು ತೋರಿಸಲು ಡಬ್ಬಿಯಲ್ಲಿಟ್ಟಿದ್ದ ಚಿತ್ರಪುಸ್ತಕದ ಹಾಳೆ ತಿರುಗಿಸಿದಷ್ಟೂ ಮನೆ ಕರಗುತ್ತಿತ್ತು. "ಇವ್ರೇನು ಕೆಡವೋದು ಕಲಿಸ್ತಾರಾ?" ಎಂದು ಗೊಣಗಿದೆ.

ಬಾಗಿಲಲ್ಲಿ ನಿಂತಿದ್ದ ಕುಬ್ರಾ ಕಿಸಕ್ಕನೆ ನಕ್ಕಳು. "ನಾನೀ, ಇದೇನ್ ಕುರಾನಾ, ಬಲಗಡೆಯಿಂದ ತೆಗೆಯೋಕೆ? ಕನ್ನಡ ಪುಸ್ತಕದ ತರ ತಿರುಗ್ಸಿ!"

ಹುಣಸಮಾರನಹಳ್ಳಿ ಶಾಲೆಯಲ್ಲಿ ಕನ್ನಡ ಕಲಿತವಳು ನಾನು! ನಾಚಿಕೆಯಾಯಿತು. ಆದರೆ ಅವಳ ನಗು ಕೇಳಿ ಎಷ್ಟು ದಿನವಾಗಿತ್ತು.

ಆಮೇಲೆ ನನ್ನ ಪಕ್ಕ ಕುಳಿತವಳು ಏಳಲೇ ಇಲ್ಲ. ತಪ್ಪು ಕೂತ ಇಟ್ಟಿಗೆ ಹಲ್ಲಿನಿಂದ ಕಿತ್ತಳು, ನನ್ನನ್ನು ಬೈದಳು. ಸಂಜೆ ರೋಜಾ ಬಿಡುವ ಇಫ್ತಾರಿನ ಹೊತ್ತಿಗೆ ಕೆಂಪು ಚಾವಣಿ ಏರಿತು. ಬಾಗಿಲನ್ನು ಮಾತ್ರ ತೆಗೆದು ಬಚ್ಚಿಟ್ಟಳು. ತಾಹೆರಾಳ ಕಾಗದಕ್ಕೆ ನಾನು ಬರೆದ ಉತ್ತರದ ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: "ಅಮ್ಮಿ, ಬಾಗಿಲು ನೀವು ಬಂದು ಹಾಕಿ."

ಅಲ್ಹಮ್ದುಲಿಲ್ಲಾಹ್. ನಿದ್ದೆಗೆ ಕಣ್ಣು ಮುಚ್ಚಿಕೊಳ್ಳುತ್ತಿದೆ. ನನ್ನ ತಮ್ಮ ಮನ್ಸೂರ್ ನಾಳೆ ಯಲಹಂಕಕ್ಕೆ ಹೋಗುವ ಮುಂಚೆ ಬಂದು ಈ ಉತ್ತರ ತೆಗೆದುಕೊಂಡು ಹೋಗಲಿ, ಅಂಚೆಗೆ ತಡವಾದರೆ...