ಸಾಮಿಲ್ ಸ್ಟಾಪಿನ ಕೊನೆಯ ಬಸ್ಸು

ಮನೆಯಿಂದ, ಹೊಲಿಗೆ ಮೇಜಿನ ಮೇಲೆ
ಸೋಮವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಮುಂದಾಳಮ್ಮನಿಗೆ, ನಿನ್ನ ಮಾವ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಬಗ್ಗಿ ಕೂತು ಕತ್ತು ಹಿಡಿಯುತ್ತಿದೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯೇ? ಸ್ಟೂಲನ್ನು ಸ್ವಲ್ಪ ಎತ್ತರ ಮಾಡಿಸಿಕೋ. ಐವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿದವನ ಮಾತು, ಡಾಕ್ಟರ ಮಾತಿಗಿಂತ ಕಡಿಮೆಯೇನಲ್ಲ. ನನ್ನ ಮಂಡಿ ಮೊನ್ನೆಯವರೆಗೂ ಹೇಳಿದ ಮಾತು ಕೇಳುತ್ತಿತ್ತು. ಇವತ್ತು ಮುನಿಸಿಕೊಂಡಿದೆ. ಅದಕ್ಕೆ ಕಾರಣ ನಿನ್ನೆಯ ಗುಡ್ಡ, ನೀನೂ ನಾನೂ ಭಾನುವಾರ ಹತ್ತುತ್ತಿದ್ದ ಅದೇ ಗುಡ್ಡ. ಗಾಬರಿಯಾಗಬೇಡ, ನಾನೂ ನಿನ್ನ ಗಂಡನೂ ಮನೆಯಲ್ಲೇ ಇದ್ದೇವೆ, ಇಬ್ಬರಿಗೂ ಕೈಕಾಲು ನೆಟ್ಟಗಿವೆ. ಅವನ ಬಲಗಾಲಿನ ಗಿಣ್ಣು ಮಾತ್ರ ಊದಿಕೊಂಡಿದೆ. ಇದನ್ನು ಮೊದಲೇ ಹೇಳಿಬಿಟ್ಟೆ, ಮುಂದಿನದನ್ನು ನೀನು ಸಮಾಧಾನವಾಗಿ ಓದುವಂತಾಗಲಿ ಎಂದು. ನಿನ್ನೆ ಸಂಜೆ ನನಗೆ ಆ ಸಮಾಧಾನ ಇರಲಿಲ್ಲ.

ಹೌದು, ಅವನು ಬಂದಿದ್ದ. ಬಸ್ಸಿನಲ್ಲಿ! ಊರಿಗೆಲ್ಲ ಡ್ರೈವಿಂಗ್ ಕಲಿಸುವವನು, ಹಾಲು ತರಲೂ ಕಾರು ತೆಗೆಯುವವನು, ಏಳೂ ಇಪ್ಪತ್ತರ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಆ ಅಭ್ಯಾಸ. ಒಬ್ಬನೇ ಹೋಗಲು ಮಂಡಿಗೆ ಧೈರ್ಯ ಸಾಲದು ಎಂದು ಸುಳ್ಳು ಹೇಳಿ ನಾನೇ ಎಳೆದುಕೊಂಡು ಹೋದದ್ದು. ನಿಜ ಏನೆಂದರೆ, ನಿನ್ನ ವಿಷಯ ತೆಗೆಯಲು ನನಗೆ ಒಂದು ಗುಡ್ಡದಷ್ಟು ಹೊತ್ತು ಬೇಕಿತ್ತು. ಮನೆಯಲ್ಲಿ ಬಾಯಿ ತೆರೆದರೆ ಕಾರಿನ ಬೀಗದಕೈ ತೆಗೆದುಕೊಂಡು ಹೊರಟುಬಿಡುತ್ತಾನೆ. ಗುಡ್ಡದ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು!

ಶಾಲೆ ಸ್ಟಾಪಿನಲ್ಲಿ ಇಳಿದು ಹತ್ತಿದೆವು. ಅರ್ಧ ದಾರಿಯವರೆಗೆ ಚೆನ್ನಾಗಿಯೇ ಇದ್ದ, ನನ್ನ ಚೀಲವನ್ನೂ ಹೊತ್ತ. ನೀರು ಕುಡಿಯಲು ಕೂತಾಗ ನಾನು ಮಾತು ತೆಗೆದೆ. ಅವಳು ಆ ಊರಿನ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳಾಯಿತು, ಒಂದು ಸಲವಾದರೂ ಹೋಗಿ ನೋಡಿಕೊಂಡು ಬಾ ಎಂದೆ. “ನಾನೇನು ಕಳಿಸಿದ್ನಾ? ಅವಳೇ ಹೋದ್ಲು, ಅವಳೇ ವಾಪಸ್ ಬರ್ಲಿ. ನಾನು ಇಲ್ಲೇ ಇದ್ದೀನಲ್ಲ” ಎಂದ. ನನಗೆ ಎಲ್ಲಿತ್ತೋ ಸಿಟ್ಟು. “ಹಾಗಾದ್ರೆ ಹೋಗು, ನಿನ್ನ ದಾರಿ ನೀನು ನೋಡ್ಕೋ” ಎಂದುಬಿಟ್ಟೆ. ಚೀಲವನ್ನು ನನ್ನ ಕಾಲ ಬಳಿ ಇಟ್ಟು, ಎದ್ದು ಬಿರಬಿರನೆ ನಡೆದ. ಅಷ್ಟರಲ್ಲಿ ಮಂಜು ಇಳಿಯಿತು. ಅವನ ನೀಲಿ ಜಾಕೀಟು ಒಂದು ಕ್ಷಣ ಕಂಡಿತು, ಆಮೇಲೆ ಕಾಣಲಿಲ್ಲ.

ಕವಲಿನಲ್ಲಿ ಮುಂದಿದ್ದವರು ಹಿಂದಿನವರಿಗೆ ಕಾಯಬೇಕೆಂಬುದು ನೀನೇ ಮಾಡಿದ ಕಾನೂನು. ಕವಲಿನ ಆ ಕಲ್ಲುಗುಪ್ಪೆಯ ಹತ್ತಿರ ಅವನು ಇರುತ್ತಾನೆಂದೇ ಹತ್ತಿದೆ. ಇರಲಿಲ್ಲ. ಕೂಗಿದೆ, ಗಂಟಲು ಕಟ್ಟುವವರೆಗೆ ಕೂಗಿದೆ. ಸೀಟಿ ಮನೆಯಲ್ಲಿರುವ ನಿನ್ನ ಚೀಲದಲ್ಲಿ, ನೀನು ಅಲ್ಲಿ. ಅರ್ಧ ಗಂಟೆ ಕಾದೆ. ಮುಂದೆ ಇಳಿದಿರಬೇಕು, ಸಿಟ್ಟಿನಲ್ಲಿರುವವನಿಗೆ ಕಾಲು ಜೋರು ಎಂದುಕೊಂಡು, ಎಂದಿನಂತೆ ಆಚೆ ಮಗ್ಗುಲಿನ ಸಾಮಿಲ್ಲಿನ ಕಡೆಗೆ ಇಳಿಯತೊಡಗಿದೆ. ಎಡಕ್ಕೆ ಇಳಿಜಾರು ಎಷ್ಟು ಕಡಿದು ಎಂಬುದು ನಿನಗೆ ಗೊತ್ತು. ಪ್ರತಿ ತಿರುವಿನಲ್ಲೂ ಬಗ್ಗಿ ನೋಡಿದೆ, ನೀಲಿ ಬಣ್ಣ ಕಂಡೀತೇನೋ ಎಂಬ ಭಯದಿಂದ ನೋಡಿದೆ. ನಾನು ಕೊನೆಯದಾಗಿ ಆಡಿದ ಮಾತೇ ಕಿವಿಯಲ್ಲಿ ಕೂತಿತ್ತು. ಮಂಡಿ ನೋಯುತ್ತಿದೆ ಎಂಬುದೂ ಮರೆತುಹೋಗಿತ್ತು.

ಸಾಮಿಲ್ ಸ್ಟಾಪಿಗೆ ಬಂದಾಗ ಐದಕ್ಕೆ ಏಳು ನಿಮಿಷ. ಬೆಂಚು ಖಾಲಿ. ಮರ ಕೊಯ್ಯುವ ಮಿಲ್ಲಿಗೆ ಭಾನುವಾರದ ರಜೆ, ಕೇಳೋಣವೆಂದರೆ ಒಂದು ನರಪಿಳ್ಳೆಯಿಲ್ಲ. ಐದೂ ಹತ್ತಕ್ಕೆ ಸರಿಯಾಗಿ ಕೊನೆಯ ಬಸ್ಸು ಬಂತು. ಕಂಡಕ್ಟರಮ್ಮ ಅವಳೇ, ನೀನು ನನ್ನಿಂದ ಅಂಗಿಯ ಕಾಲರ್ ಸರಿಮಾಡಿಸಿಕೊಟ್ಟಿದ್ದೆಯಲ್ಲ, ಅವಳು. “ಏನ್ ತಾತ, ಸೊಸೆ ಎಲ್ಲಿ?” ಎಂದು ನಗುತ್ತಲೇ ಕೇಳಿದವಳು ನನ್ನ ಮುಖ ನೋಡಿ ಇಳಿದು ಬಂದಳು. ಮಗ ಮೇಲೆ ಉಳಿದಿದ್ದಾನೆ, ನಾನು ಹತ್ತುವುದಿಲ್ಲ, ವಾಪಸ್ಸು ಮೇಲೆ ಹೋಗುತ್ತೇನೆ ಎಂದೆ. ಕಿಟಕಿಯಿಂದ ಯಾರೋ “ಪಾಪ, ಮಗೂಗೆ ಎಷ್ಟು ವಯಸ್ಸು?” ಎಂದರು. ನಲವತ್ತೆರಡು ಎಂದೆ. ಯಾರೂ ನಗಲಿಲ್ಲ.

ಅವಳು ತನ್ನ ಫೋನು ಚಾಚಿ ಮಗನ ನಂಬರ್ ಹೇಳಿ ಎಂದಳು. ನನ್ನ ಫೋನು ಮನೆಯಲ್ಲಿ, ಗುಡ್ಡಕ್ಕೆ ಫೋನು ತರಬಾರದೆಂದು ಜಂಬ ಕೊಚ್ಚಿಕೊಂಡವರಲ್ಲವೇ ನೀನೂ ನಾನೂ. ಅವನ ನಂಬರು ನನಗೆ ಬಾಯಿಗೆ ಬರುವುದಿಲ್ಲಮ್ಮಾ. ನಿನ್ನದು ಬರುತ್ತದೆ. ಅವನ ನಂಬರು ನಿನ್ನನ್ನೇ ಕೇಳೋಣವೆಂದು ಏಳು ಅಂಕಿ ಒತ್ತಿಯೂ ಇದ್ದೆ. ನೀನು ಹೋದ ಮೇಲೆ ಬರೀ ಕಾಗದದಲ್ಲಿ ಮಾತಾಡಿದವನು, ಮೊದಲ ಸಲ ಫೋನು ಮಾಡಿ, ನಿನ್ನ ಗಂಡನನ್ನು ಬೈದು ಮಂಜಿನೊಳಗೆ ಕಳಿಸಿಬಿಟ್ಟೆ ಎನ್ನಲೇ? ಬೆರಳು ನಿಂತಿತು. ಅಷ್ಟರಲ್ಲಿ ಡ್ರೈವರು ತನ್ನ ಸೀಟಿನಿಂದಲೇ, “ನೀವು ಗುಡ್ಡ ಎಲ್ಲಿಂದ ಹತ್ತಿದ್ರಿ?” ಎಂದ. ಶಾಲೆ ಸ್ಟಾಪು ಎಂದೆ. “ನಿಮ್ಮ ಮಗ ಯಾವಾಗ್ಲೂ ಕಾರಲ್ಲೇ ಓಡಾಡೋರಾ?” ಎಂದ. ಹೌದು ಎಂದೆ. ಶಾಲೆ ಕಡೆಯ ಕೊನೆಯ ಬಸ್ಸಿನವನಿಗೆ ಫೋನು ಹಚ್ಚಿದ.

ಆ ಬಸ್ಸು ಶಾಲೆ ಸ್ಟಾಪು ಮುಟ್ಟಲು ಇನ್ನೂ ಆರು ನಿಮಿಷವಿತ್ತು. ಆರು ನಿಮಿಷ ಇಡೀ ಬಸ್ಸು ನನಗೋಸ್ಕರ ನಿಂತಿತು. ಒಬ್ಬ ಮುದುಕಿ ಕೆಳಗಿಳಿದು ಬಂದು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಫೋನು ಬಂತು. ನೀಲಿ ಜಾಕೀಟಿನವನೊಬ್ಬ ಬೆಂಚಿನ ಮೇಲೆ ಕೂತಿದ್ದಾನೆ, ಬಸ್ಸು ಹತ್ತು ಎಂದರೆ ಹತ್ತುತ್ತಿಲ್ಲ, ಅಪ್ಪ ಇನ್ನೂ ಮೇಲಿದ್ದಾರೆ ಎನ್ನುತ್ತಿದ್ದಾನೆ ಎಂದರು. ಫೋನು ನನ್ನ ಕೈಗೆ ಬಂತು. ಆ ಕಡೆಯಿಂದ ನಿನ್ನ ಗಂಡ, “ಅಪ್ಪಾ, ಎಲ್ಲಿದ್ದೀರಿ? ಮೂರು ಗಂಟೆಯಿಂದ ಕಾಯ್ತಾ ಇದ್ದೀನಿ, ಎರಡು ಸಲ ಮೇಲೆ ಹೋಗಿ ನೋಡ್ದೆ. ಹೊರಟಲ್ಲಿಗೇ ಅಲ್ವಾ ವಾಪಸ್ ಬರೋದು?” ಎಂದ. ಅಳುತ್ತಿದ್ದ. ನಾನೂ ಅತ್ತೆ, ನಾಚಿಕೆಯೇನಿಲ್ಲ.

ತಪ್ಪು ನನ್ನದೂ ಹೌದು. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದು ನಿನಗೂ ನನಗೂ ಎಷ್ಟು ರೂಢಿಯೆಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಹೊಳೆಯಲೇ ಇಲ್ಲ. ಅವನೋ, ಕಾರು ನಿಲ್ಲಿಸಿದ ಕಡೆಗೇ ಜೀವಮಾನವೆಲ್ಲ ಮರಳಿದವನು. ಮಂಜಿನಲ್ಲಿ ಗುಡ್ಡದ ನೆತ್ತಿ ಮುಟ್ಟಿ, ಕವಲಿನ ಇನ್ನೊಂದು ದಾರಿಯಲ್ಲಿ ಬಳಸಿಕೊಂಡು, ಹತ್ತಿದ ಕಡೆಗೇ ಇಳಿದು ಪ್ರಾಮಾಣಿಕವಾಗಿ ಕಾದಿದ್ದಾನೆ. ನಾನು ಈಚೆ, ಅವನು ಆಚೆ, ನಡುವೆ ಗುಡ್ಡ. ಮನೆಗೆ ಬಂದು ನೋಡಿದರೆ ಇದೇ ಮೇಜಿನ ಮೇಲಿದ್ದ ನನ್ನ ಫೋನಿನಲ್ಲಿ ಅವನ ಹನ್ನೊಂದು ಕರೆಗಳಿದ್ದವು.

ಎರಡು ಬಸ್ಸುಗಳೂ ಸೇರುವ ನಿಲ್ದಾಣದಲ್ಲಿ ಆರೂಕಾಲಕ್ಕೆ ಸಿಕ್ಕ, ಕುಂಟುತ್ತಾ ಬಂದ. ಇಬ್ಬರೂ ಮನೆಯ ಬಸ್ಸು ಹತ್ತಿದೆವು. ಬಹಳ ದೂರ ಬಂದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ, “ಅವಳೂ ಹೀಗೇ ಆ ಕಡೆ ಕಾಯ್ತಾ ಇರ್ತಾಳಾ ಅಪ್ಪಾ?” ಎಂದು ಕೇಳಿದ. ನನಗೇನು ಗೊತ್ತು, ಅವಳನ್ನೇ ಕೇಳು ಎಂದೆ. ಈ ಸಲ ಮೆತ್ತಗೆ ಹೇಳಿದೆ.

ಕತ್ತು ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಚೀಲದ ಹರಿದ ಪಟ್ಟಿಗೆ ಎರಡು ಹೊಲಿಗೆ ಹಾಕಿಟ್ಟಿದ್ದೇನೆ, ಇನ್ನು ಆನೆ ಎಳೆದರೂ ಕಿತ್ತುಬರುವುದಿಲ್ಲ. ನೀನು ಎಲ್ಲಿದ್ದರೂ ಸುಖವಾಗಿರು, ಅದೊಂದೇ ನನ್ನ ಹಾರೈಕೆ.

ಇತಿ ನಿನ್ನ ಮಾವ,
ಗುಡ್ಡದಲ್ಲಿ ಸದಾ ನಿನ್ನ ಹಿಂದಿನವನು

ತಾಜಾ ಕಲಂ: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬೆಳಿಗ್ಗೆ ನನ್ನ ಡ್ರಾಯರಿನಿಂದ ನೀನು ಕೆಂಪು ಪೆನ್ಸಿಲಿನಲ್ಲಿ ಬರೆದ ಬಸ್ಸಿನ ವೇಳಾಪಟ್ಟಿ ತೆಗೆದುಕೊಂಡು ಹೋಗಿದ್ದಾನೆ. ನಿನ್ನ ಊರಿಗೆ ಎರಡು ಕಡೆ ಬದಲಾಯಿಸಬೇಕು ಎಂದು ತಾನೇ ಕಂಡುಹಿಡಿದ. ಶನಿವಾರ ಹನ್ನೆರಡೂ ಮೂವತ್ತೈದಕ್ಕೆ ನಿನ್ನ ಆಸ್ಪತ್ರೆಯ ಮುಂದಿನ ಸ್ಟಾಪಿನಲ್ಲಿ ಇಳಿಯುತ್ತಾನೆ. ನಿನ್ನನ್ನು ಕರೆದುಕೊಂಡು ಬರಲು ಅಲ್ಲವಂತೆ, ನೀನಿರುವ ಜಾಗ ನೋಡಲು. ನಿನಗೆ ಬೇಡವಾದರೆ ಶುಕ್ರವಾರದೊಳಗೆ ನನಗೆ ಒಂದು ಫೋನು ಮಾಡು, ನಾನು ತಡೆಯುತ್ತೇನೆ, ನಿನ್ನ ಮೇಲೆ ಎಳ್ಳಷ್ಟೂ ಬೇಸರವಿಲ್ಲ. ಫೋನು ಇನ್ನು ಮೇಲೆ ನನ್ನ ಜೇಬಿನಲ್ಲೇ ಇರುತ್ತದೆ. ನೀನು ಫೋನು ಮಾಡದಿದ್ದರೆ ಅವನು ಬರುತ್ತಾನೆ. ಅವತ್ತು ನಿನಗೆ ಕೆಲಸ ಮುಗಿಯುವುದು ತಡವಾದರೂ ಓಡಿಬರಬೇಡ, ಅವನು ಕಾಯುತ್ತಾನೆ.