ನೀಲಗಂಗವ್ವನ ಬಾಯೊಪ್ಪಿಗೆ

ಡೋಣಿ ನದಿ ದಂಡೆಯ ಮಹಿಳಾ ಸೆರೆಮನೆ
ಫೆಬ್ರವರಿ ೩೦, ೨೧೮೭

ಹಿಂದಿನ ಕಾಲದ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲ. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡಿದ್ದೇವೆ. ನನ್ನ ಮಾತಿನಲ್ಲಿ ನೀವು ಕೇಳಿರದ ಪದ ಬಂದರೆ ಮನ್ನಿಸಿ. ನಾನು ಸುವರ್ಣಾ ಹಿಪ್ಪರಗಿ, ಇಲ್ಲಿಯ ದವಾಖಾನೆಯ ನರ್ಸ್.

ಕೈದಿ ಎಂದರೆ ನಿಮ್ಮ ಕಣ್ಣಿಗೆ ಗಟ್ಟಿಮುಟ್ಟಾದ ಪುಂಡರು ಕಾಣಬಹುದು. ನಮ್ಮ ದೇಶದ ಕೈದಿಗಳಲ್ಲಿ ಬಹುಪಾಲು ಮುದುಕ ಮುದುಕಿಯರು. ಶಿಕ್ಷೆಗಳನ್ನು ಉದ್ದ ಮಾಡುತ್ತಾ ಹೋದವರು ಕೈದಿಗೂ ವಯಸ್ಸಾಗುತ್ತದೆ ಎಂಬುದನ್ನು ಮರೆತುಬಿಟ್ಟರು. ಬಡವರೇ ಹೆಚ್ಚು, ಅದೊಂದು ನಿಮ್ಮ ಕಾಲದಿಂದ ಬದಲಾಗಿಲ್ಲ. ಇಲ್ಲಿ ಬೇಡಿಗಳು ತುಕ್ಕು ಹಿಡಿಯುತ್ತಿವೆ, ಡೈಪರ್ ಮಾತ್ರ ಸಾಲುತ್ತಿಲ್ಲ. ಅಗಿಯಲು ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡುತ್ತೇವೆ. ಮಂಡಿ, ಮೂತ್ರಪಿಂಡ, ಕಣ್ಣಿನ ಪೊರೆ, ಎಲ್ಲಕ್ಕೂ ಸೇರಿ ಒಬ್ಬರೇ ಡಾಕ್ಟರು, ಅವರೂ ಬಂದಾಗ ಬಂದರು. ಓಡಿಹೋಗಲು ಯಾರಿಗೂ ಕಾಲಲ್ಲಿ ಬಲವಿಲ್ಲ. ಆದರೂ ಸರಕಾರ ಗೋಡೆಯನ್ನು ಎತ್ತರಿಸುತ್ತಲೇ ಇದೆ.

ಬಿಡುಗಡೆಗೆ ಇರುವ ಒಂದೇ ದಾರಿ ಬಾಯೊಪ್ಪಿಗೆ. ಕೈದಿಯಾದವರು ಬಿಡುಗಡೆ ಮಂಡಳಿಯ ಮುಂದೆ ನಿಂತು, ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಿ ಪಶ್ಚಾತ್ತಾಪಪಡಬೇಕು. ನಮ್ಮ ನೀಲಗಂಗವ್ವನಿಗೆ ಅರಳುಮರಳು. ಗಂಡನನ್ನು ಕೊಂದದ್ದು ನೆನಪಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ. ಮಗಳ ಮನೆಯಲ್ಲಾದರೂ ಕಣ್ಣು ಮುಚ್ಚಲಿ ಎಂಬುದು ನಮ್ಮ ಆಸೆಯಾಗಿತ್ತು. ಹಾಗಾಗಿ ಜೊತೆಯ ಕೈದಿ ಬೀಬಿಜಾನ್ ದಿನಾ ಬೆಳಿಗ್ಗೆ ಪಾಠ ಹೇಳಿಕೊಟ್ಟಳು: “ನಿನ್ನ ಗಂಡನ್ನ ನೀನಾ ಕೊಡ್ಲಿಲೆ ಕಡದಿ ಯವ್ವಾ. ತಪ್ಪಾತ್ರಿ ಅನ್ನು.” ದಿನವೂ ನೀಲಗಂಗವ್ವ ಆ ಸುದ್ದಿಯನ್ನು ಹೊಸದಾಗಿ ಕೇಳಿ ಎದೆ ಬಡಿದುಕೊಂಡು ಅತ್ತಳು. ಮಧ್ಯಾಹ್ನದ ಹೊತ್ತಿಗೆ ಮರೆತಳು. ನನಗೆ ನೋಡಲಾಗುತ್ತಿರಲಿಲ್ಲ.

ನಿನ್ನೆ ಮಂಡಳಿ ಕೂತಿತು. ಏನು ಮಾಡಿದೆ ಎಂದು ಅಧ್ಯಕ್ಷರು ಕೇಳಿದಾಗ ನೀಲಗಂಗವ್ವ ಕೈಮುಗಿದಳು: “ಯಾವಾಕಿನೋ ಗಂಡನ್ನ ಕೊಂದಾಳಂತ್ರಿ ಸಾಹೇಬ್ರ. ಭಾಳ ಅಳ್ತಾಳ್ರಿ, ಪಾಪ. ಮುದುಕಿ ಅದಾಳ, ಬಿಟ್ಟಬಿಡ್ರಿ ಆಕಿನ್ನ.” ಪಶ್ಚಾತ್ತಾಪ ಕಾಣಲಿಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿದರು.

ಈ ನಿಯಮವನ್ನು ಬರೆಯುವವರು ನಿಮ್ಮ ಮೊಮ್ಮಕ್ಕಳಲ್ಲೇ ಯಾರೋ ಇರುತ್ತಾರೆ. ಅವರನ್ನು ಚಿಕ್ಕಂದಿನಲ್ಲೇ ಒಮ್ಮೆ ಸೆರೆಮನೆಯ ದವಾಖಾನೆಗೆ ಕರೆದುಕೊಂಡು ಹೋಗಿ. ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ.

ಇವತ್ತು ಬೆಳಿಗ್ಗೆ ನೀಲಗಂಗವ್ವ ನನ್ನ ಕೈ ಹಿಡಿದುಕೊಂಡಳು. “ಆಕಿನ್ನ ಬಿಟ್ರೇನ್ರಿ ಬಾಯಾರ?” ಎಂದಳು. ಬಿಟ್ಟರು ಅಂದೆ. ಬಹಳ ದಿನಗಳ ಮೇಲೆ ಹೊಟ್ಟೆತುಂಬ ಗಂಜಿ ಕುಡಿದಳು.